ವೈದ್ಯಕೀಯ ವಿದ್ಯಾರ್ಥಿಗಳು ಮತ್ತು ರೆಸಿಡೆಂಟ್ ವೈದ್ಯರಿಗೆ ದೊರೆಯುವ ತರಬೇತಿ, ಮಾರ್ಗದರ್ಶನ ಹಾಗೂ ಆಪ್ತಸಮಾಲೋಚನೆ – ಸಾರ್ವಜನಿಕ ಮಾಹಿತಿ

ಪೀಠಿಕೆ

ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು, ಗೃಹವೈದ್ಯರು ಹಾಗೂ ಸ್ನಾತಕೋತ್ತರ ರೆಸಿಡೆಂಟ್ ವೈದ್ಯರು ವ್ಯಾಸಂಗದಲ್ಲಿ ಹಿಂದುಳಿದಾಗ, ಪರೀಕ್ಷೆಯಲ್ಲಿ ಅನುತ್ತೀರ್ಣರಾದಾಗ ಅಥವಾ ಮಾನಸಿಕ ಒತ್ತಡಕ್ಕೆ ಒಳಗಾದಾಗ ಯಾವ ನೆರವನ್ನು ಎಲ್ಲಿ ಕೋರಬಹುದು ಎಂಬುದನ್ನು ವಿದ್ಯಾರ್ಥಿಗಳ ಮತ್ತು ಪೋಷಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ. ಇಲ್ಲಿನ ವಿವರಗಳು ಪ್ರಧಾನವಾಗಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜುಗಳ ವಿದ್ಯಾರ್ಥಿಗಳನ್ನು ಗಮನದಲ್ಲಿರಿಸಿಕೊಂಡಿವೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮಾವಳಿಗಳು ದೇಶದ ಎಲ್ಲ ಕಾಲೇಜುಗಳಿಗೂ ಅನ್ವಯಿಸುತ್ತವೆ.

'ಕೋಚಿಂಗ್' ಎಂಬ ಒಂದೇ ಪದವನ್ನು ಜನರು ಮೂರು ಬೇರೆ ಬೇರೆ ಸೇವೆಗಳಿಗೆ ಬಳಸುತ್ತಿರುವುದರಿಂದ ಗೊಂದಲ ಉಂಟಾಗುತ್ತಿದೆ. ಪಾಠ ಅರ್ಥವಾಗದ ವಿದ್ಯಾರ್ಥಿಗೆ ಕಾಲೇಜಿನ ಬೋಧಕರೇ ನೀಡುವ ಪರಿಹಾರ ಬೋಧನೆ ಒಂದು. ಪ್ರವೇಶ ಪರೀಕ್ಷೆಗಳಿಗಾಗಿ ಖಾಸಗಿ ಸಂಸ್ಥೆಗಳು ಶುಲ್ಕ ಪಡೆದು ನೀಡುವ ತರಬೇತಿ ಇನ್ನೊಂದು. ಮನಸ್ಸಿಗೆ ಸಂಬಂಧಿಸಿದ ಆಪ್ತಸಮಾಲೋಚನೆ ಮೂರನೆಯದು. ಮೊದಲನೆಯದು ಮತ್ತು ಮೂರನೆಯದು ಉಚಿತವಾಗಿ ದೊರೆಯುವಂಥವು. ಆದರೂ ಬಹಳಷ್ಟು ಕುಟುಂಬಗಳು ಎರಡನೆಯದಕ್ಕೆ ಹಣ ಕಟ್ಟಿದ ನಂತರವೇ ಉಳಿದ ಎರಡರ ಬಗ್ಗೆ ವಿಚಾರಿಸುತ್ತವೆ.

ಮೊದಲ ವರ್ಷದ ವಿದ್ಯಾರ್ಥಿಗಳು

ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರ – ಈ ಮೂರು ವಿಷಯಗಳ ಮೊದಲ ವೃತ್ತಿಪರ ಪರೀಕ್ಷೆಯ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಈ ಪರೀಕ್ಷೆಯಲ್ಲಿ ಉತ್ತೀರ್ಣರಾಗಲು ಗರಿಷ್ಠ 4 ಪ್ರಯತ್ನಗಳು ಮಾತ್ರ ಲಭ್ಯ. ಇಡೀ ವ್ಯಾಸಂಗಕ್ಕೆ ಪ್ರವೇಶದ ದಿನಾಂಕದಿಂದ 9 ವರ್ಷಗಳ ಮಿತಿಯಿದೆ. 2023ರ ಪದವಿ ವೈದ್ಯಕೀಯ ಶಿಕ್ಷಣ ನಿಯಮಾವಳಿಯಲ್ಲಿ ಈ ಎರಡೂ ಮಿತಿಗಳನ್ನು ವಿಧಿಸಲಾಗಿದೆ. ಪರೀಕ್ಷೆಗೆ ಭಾಗಶಃ ಹಾಜರಾದರೂ ಅದನ್ನು ಒಂದು ಪ್ರಯತ್ನವೆಂದೇ ಪರಿಗಣಿಸುವ ಷರತ್ತು 2019ರ ನಿಯಮಾವಳಿಯಲ್ಲಿಯೇ ಸೇರಿತ್ತು. 'ಒಂದು ಪತ್ರಿಕೆ ಬರೆದು ನೋಡೋಣ, ಆಗದಿದ್ದರೆ ಉಳಿದದ್ದನ್ನು ಮುಂದಿನ ಬಾರಿ ನೋಡಿಕೊಳ್ಳೋಣ' ಎಂಬ ಲೆಕ್ಕಾಚಾರ ಪಿ.ಯು. ಹಂತದಲ್ಲಿ ನಡೆಯಬಹುದು, ಇಲ್ಲಿ ನಡೆಯುವುದಿಲ್ಲ. ನಾಲ್ಕು ಪ್ರಯತ್ನಗಳು ಮುಗಿದ ಮೇಲೆ ಕಟ್ಟಿದ ಶುಲ್ಕ, ಪಡೆದ ಶೈಕ್ಷಣಿಕ ಸಾಲ, ಕಳೆದ ವರ್ಷಗಳು ಯಾವುವೂ ಸೀಟನ್ನು ಉಳಿಸಲಾರವು.

ಆದ್ದರಿಂದ ನೆರವು ಕೋರಬೇಕಾದ ಸಮಯ ವಿಶ್ವವಿದ್ಯಾಲಯದ ಫಲಿತಾಂಶ ಬಂದ ದಿನವಲ್ಲ, ಮೊದಲ ಆಂತರಿಕ ಪರೀಕ್ಷೆಯ ಅಂಕಪಟ್ಟಿಯನ್ನು ಸೂಚನಾ ಫಲಕದಲ್ಲಿ ಪ್ರಕಟಿಸಿದ ದಿನ. ಆಂತರಿಕ ಮೌಲ್ಯಮಾಪನದಲ್ಲಿ ಲಿಖಿತ ಮತ್ತು ಪ್ರಾಯೋಗಿಕ ಭಾಗಗಳೆರಡರಲ್ಲೂ ಪ್ರತ್ಯೇಕವಾಗಿ ಶೇ. 40 ಹಾಗೂ ಒಟ್ಟಾರೆ ಶೇ. 50 ಅಂಕ ಪಡೆಯದ ವಿದ್ಯಾರ್ಥಿಯು ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರಲು ಅರ್ಹನಾಗುವುದಿಲ್ಲ. ಹಾಜರಾತಿಯ ಕನಿಷ್ಠ ಪ್ರಮಾಣ ಲಿಖಿತ ತರಗತಿಗಳಿಗೆ ಶೇ. 75, ಪ್ರಾಯೋಗಿಕ ಮತ್ತು ಚಿಕಿತ್ಸಾ ತರಗತಿಗಳಿಗೆ ಶೇ. 80. 2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮದ ಮೌಲ್ಯಮಾಪನ ಕೈಪಿಡಿಯು ಆಂತರಿಕ ಪರೀಕ್ಷೆಯಲ್ಲಿ ಅರ್ಹತಾ ಅಂಕ ಪಡೆಯದವರಿಗೆ ಹಾಗೂ ಸಕಾರಣವಾಗಿ ಪರೀಕ್ಷೆ ತಪ್ಪಿಸಿಕೊಂಡವರಿಗೆ ಪರಿಹಾರ ಕ್ರಮಗಳನ್ನು ಒದಗಿಸಬೇಕೆಂದು ಹೇಳುತ್ತದೆ. ಪರಿಹಾರ ಬೋಧನೆಯನ್ನು ಕೇಳುವುದು ಉಪಕಾರ ಬೇಡಿದಂತೆ ಎಂದು ವಿದ್ಯಾರ್ಥಿಗಳು ಸಂಕೋಚಪಡಬೇಕಾದ ಕಾರಣವಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ವಿಷಯವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಹತ್ತನೆಯ ತರಗತಿಯವರೆಗೆ ಊರಿನ ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಪಿ.ಯು.ನಲ್ಲಿ ಕಷ್ಟಪಟ್ಟು ಇಂಗ್ಲಿಷ್‌ಗೆ ಹೊಂದಿಕೊಂಡು, ನೀಟ್ ಪರೀಕ್ಷೆಯಲ್ಲಿ ಉತ್ತಮ ಅಂಕ ಪಡೆದ ವಿದ್ಯಾರ್ಥಿಯು ಮೌಖಿಕ ಪರೀಕ್ಷೆಯಲ್ಲಿ ಮೌನವಾಗಿ ನಿಲ್ಲುವುದುಂಟು. ನೀಟ್ ಪರೀಕ್ಷೆಯು ಆಯ್ಕೆಗೆ ಗುರುತು ಹಾಕುವುದನ್ನು ಕೇಳುತ್ತದೆ, ವಾಕ್ಯ ಕಟ್ಟುವುದನ್ನು ಕೇಳುವುದಿಲ್ಲ. ಮೂಳೆಯನ್ನು ಕೈಗೆ ಕೊಟ್ಟಾಗ ಅದರ ಪ್ರತಿಯೊಂದು ಭಾಗವೂ ಗೊತ್ತಿದ್ದು, ಹೇಳಲು ಇಂಗ್ಲಿಷ್ ವಾಕ್ಯ ಬಾರದೆ ಅಂಕ ಕಳೆದುಕೊಳ್ಳುವುದನ್ನು ದಡ್ಡತನವೆಂದು ಭಾವಿಸಬಾರದು. ವ್ಯಾಸಂಗದ ಆರಂಭದಲ್ಲಿ ನಡೆಸುವ ಫೌಂಡೇಶನ್ ಕೋರ್ಸ್‌ನಲ್ಲಿ ಭಾಷಾ ಕೌಶಲ ಮತ್ತು ಕಂಪ್ಯೂಟರ್ ಬಳಕೆಯ ಕಲಿಕೆಯನ್ನು ಸೇರಿಸಿರುವುದು ಇದೇ ಕಾರಣಕ್ಕೆ. ಹೊರರಾಜ್ಯಗಳಿಂದ ಬಂದವರಿಗೆ ಇದೇ ಕೋರ್ಸ್‌ನಲ್ಲಿ ಸ್ಥಳೀಯ ಭಾಷೆಯ ಪರಿಚಯ ಮಾಡಿಕೊಡಲಾಗುತ್ತದೆ. ಆದರೆ ಕೆಲವು ದಿನಗಳ ತರಗತಿಯಿಂದ ಭಾಷೆ ಕೈವಶವಾಗದು. ಭಾಷೆಯ ತೊಡಕು ಇರುವವರು ಮೆಂಟರ್ ಬೋಧಕರಲ್ಲಿ ಅಣಕು ಮೌಖಿಕ ಪರೀಕ್ಷೆಯನ್ನು ಕೋರುವುದು ಹೆಚ್ಚು ಉಪಯುಕ್ತ. ವಾರಕ್ಕೆ ಅರ್ಧ ಗಂಟೆ, ಇಬ್ಬರು ಮೂವರು ಸಹಪಾಠಿಗಳೊಂದಿಗೆ ಗಟ್ಟಿಯಾಗಿ ಉತ್ತರ ಹೇಳುವ ಅಭ್ಯಾಸ ನಡೆದರೆ ಕೆಲವೇ ತಿಂಗಳುಗಳಲ್ಲಿ ವ್ಯತ್ಯಾಸ ಕಾಣಬಹುದು.

ಮೆಂಟರ್ ವ್ಯವಸ್ಥೆ

ಕಾಲೇಜು ಪ್ರತಿ ವಿದ್ಯಾರ್ಥಿಗೆ ಒಬ್ಬ ಬೋಧಕರನ್ನು ಮೆಂಟರ್ ಆಗಿ ನಿಯೋಜಿಸುತ್ತದೆ. ಮೆಂಟರ್ ಅವರ ಹೆಸರನ್ನು ಪ್ರವೇಶದ ಕೆಲವು ವಾರಗಳಲ್ಲಿಯೇ ತಿಳಿದುಕೊಳ್ಳತಕ್ಕದ್ದು. ಹೆಸರು ಪಟ್ಟಿಯಲ್ಲಿದ್ದು ಭೇಟಿಯೇ ನಡೆಯದಿದ್ದಲ್ಲಿ, ಅಥವಾ ಮೆಂಟರ್ ವರ್ಗಾವಣೆಯಾಗಿದ್ದಲ್ಲಿ, ಬದಲಿ ನಿಯೋಜನೆಗಾಗಿ ಪ್ರಾಂಶುಪಾಲರಿಗೆ ಬರೆದು ಕೋರಬಹುದು. ಅದೇ ಮೆಂಟರ್ ಪರೀಕ್ಷಕರೂ ಆಗಿರುವ ಸಂದರ್ಭದಲ್ಲಿ ವಿದ್ಯಾರ್ಥಿಗಳು ಮನಬಿಚ್ಚಿ ಮಾತನಾಡಲು ಹಿಂಜರಿಯುವುದು ಸಹಜವಾದುದರಿಂದ, ಬೇರೆ ವಿಭಾಗದ ಬೋಧಕರನ್ನು ಕೋರುವುದರಲ್ಲಿ ತಪ್ಪಿಲ್ಲ.

ಪರಿಹಾರ ಬೋಧನೆಗೆ ಅರ್ಜಿ ಸಲ್ಲಿಸುವ ವಿಧಾನ

ಮುದ್ರಿತ ನಮೂನೆಗಾಗಿ ಕಾಯುವ ಅಗತ್ಯವಿಲ್ಲ. ಬಿಳಿ ಹಾಳೆಯ ಮೇಲೆ ಬರೆದ ಅರ್ಜಿ ಸಾಕು. ಅರ್ಜಿಯಲ್ಲಿ ಹೆಸರು, ನೋಂದಣಿ ಸಂಖ್ಯೆ, ಪ್ರವೇಶದ ವರ್ಷ, ವಿಷಯ, ಆಂತರಿಕ ಪರೀಕ್ಷೆಯ ದಿನಾಂಕ ಮತ್ತು ಪಡೆದ ಅಂಕ, ಯಾವ ಅಧ್ಯಾಯಗಳಲ್ಲಿ ಅಥವಾ ಯಾವ ಪ್ರಾಯೋಗಿಕ ಕೌಶಲದಲ್ಲಿ ನೆರವು ಬೇಕು ಎಂಬುದನ್ನು ನಮೂದಿಸಬೇಕು. 'ಎಲ್ಲ ವಿಷಯಗಳಲ್ಲಿ ತೊಂದರೆಯಿದೆ' ಎಂಬ ಅರ್ಜಿಯ ಮೇಲೆ ಕ್ರಮ ಕೈಗೊಳ್ಳುವುದು ವಿಭಾಗಕ್ಕೂ ಕಷ್ಟ. 'ನರಮಂಡಲದ ಅಧ್ಯಾಯದಲ್ಲಿ ಹಾಗೂ ಸ್ಲೈಡ್ ಗುರುತಿಸುವಿಕೆಯಲ್ಲಿ' ಎಂದು ಬರೆದರೆ ಬೋಧಕರು ನಿರ್ದಿಷ್ಟವಾಗಿ ಸಮಯ ಗೊತ್ತುಪಡಿಸಬಲ್ಲರು. ಅರ್ಜಿಯನ್ನು ವಿಭಾಗದ ಮುಖ್ಯಸ್ಥರಿಗೆ ಸಲ್ಲಿಸಿ, ಪ್ರತಿಯನ್ನು ಪ್ರಾಂಶುಪಾಲರ ಕಚೇರಿಯ ಟಪಾಲು ವಿಭಾಗದಲ್ಲಿ ನೀಡಿ, ಮುದ್ರೆ ಮತ್ತು ದಿನಾಂಕವುಳ್ಳ ಸ್ವೀಕೃತಿಯನ್ನು ಪಡೆಯತಕ್ಕದ್ದು. ಅನಾರೋಗ್ಯದ ಕಾರಣ ಹಾಜರಾತಿ ಕಡಿಮೆಯಾಗಿದ್ದಲ್ಲಿ ವೈದ್ಯಕೀಯ ದಾಖಲೆಗಳನ್ನು ಆಗಿಂದಾಗ್ಗೆ ಸಲ್ಲಿಸಬೇಕೇ ಹೊರತು ವರ್ಷದ ಕೊನೆಯಲ್ಲಿ ಒಟ್ಟಿಗೆ ಅಲ್ಲ.

ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಅನುತ್ತೀರ್ಣರಾದವರು ತಮ್ಮ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಹೊಂದಿದ್ದಾರೆ. ಮೌಲ್ಯಮಾಪನಗೊಂಡ ಉತ್ತರ ಪತ್ರಿಕೆಯು ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ 'ಮಾಹಿತಿ'ಯಾಗುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವು 2011ರ ಆಗಸ್ಟ್‌ನಲ್ಲಿ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ತೀರ್ಪು ನೀಡಿದೆ. ಅರ್ಜಿ ಶುಲ್ಕ 10 ರೂಪಾಯಿ. ಉತ್ತರ ನೀಡಲು ಸಾಮಾನ್ಯ ಅವಧಿ 30 ದಿನ. ಕರ್ನಾಟಕದ ನಿಯಮಗಳಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿದ್ದು 150 ಪದಗಳನ್ನು ಮೀರದಂತೆ ಇರತಕ್ಕದ್ದು. ಅಂಕ ಹೆಚ್ಚಿಸಿಕೊಳ್ಳುವ ಉದ್ದೇಶಕ್ಕಿಂತಲೂ, ತಪ್ಪಾದದ್ದು ಎಲ್ಲಿ ಎಂಬುದನ್ನು ಮೆಂಟರ್ ಜೊತೆ ಕುಳಿತು ನೋಡಲು ಈ ಪ್ರತಿ ಬಹಳ ಉಪಯುಕ್ತ. ಚಿತ್ರ ಬರೆಯದೆ ಬಿಟ್ಟದ್ದು, ಪ್ರಶ್ನೆಯ ಎರಡನೆಯ ಭಾಗವನ್ನು ಗಮನಿಸದೇ ಹೋದದ್ದು ಮುಂತಾದವು ಓದಿನ ಕೊರತೆಯಲ್ಲ, ಉತ್ತರಿಸುವ ರೀತಿಯ ಕೊರತೆ.

ವಿಶ್ವವಿದ್ಯಾಲಯದ 'ಹೆಲಿನೆಟ್' ಜಾಲದ ಮೂಲಕ ಸಂಯೋಜಿತ ಕಾಲೇಜುಗಳಿಗೆ ವೈದ್ಯಕೀಯ ನಿಯತಕಾಲಿಕಗಳು ಮತ್ತು ಇ-ಪುಸ್ತಕಗಳು ಲಭ್ಯವಿವೆ. ಪ್ರವೇಶ ಸಂಕೇತವನ್ನು ಕಾಲೇಜಿನ ಗ್ರಂಥಪಾಲಕರಲ್ಲಿ ವಿಚಾರಿಸುವುದು.

ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ತರಬೇತಿ

ನೀಟ್-ಪಿಜಿ ಪರೀಕ್ಷೆಯನ್ನು ರಾಷ್ಟ್ರೀಯ ವೈದ್ಯಕೀಯ ವಿಜ್ಞಾನಗಳ ಪರೀಕ್ಷಾ ಮಂಡಳಿಯು ಕಂಪ್ಯೂಟರ್ ಮೂಲಕ ನಡೆಸುತ್ತದೆ. 200 ಪ್ರಶ್ನೆಗಳು, ಮೂರೂವರೆ ಗಂಟೆ, ಒಟ್ಟು 800 ಅಂಕ. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. 2024ರಿಂದ ಪ್ರಶ್ನೆಪತ್ರಿಕೆಯನ್ನು 40 ಪ್ರಶ್ನೆಗಳ 5 ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗಕ್ಕೆ 42 ನಿಮಿಷ ನಿಗದಿಪಡಿಸಲಾಯಿತು. ಒಂದು ಭಾಗದ ಸಮಯ ಮುಗಿದ ನಂತರ ಅದಕ್ಕೆ ಹಿಂದಿರುಗುವಂತಿಲ್ಲ. ಒಂದು ಪ್ರಶ್ನೆಗೆ ದೊರೆಯುವ ಸಮಯ 63 ಸೆಕೆಂಡು. ಹಳೆಯ ಮಾದರಿಯಂತೆ ಕಠಿಣ ಪ್ರಶ್ನೆಗಳನ್ನು ಕೊನೆಗೆ ಉಳಿಸಿಕೊಳ್ಳುವ ಅಭ್ಯಾಸವುಳ್ಳವರು ಇದನ್ನು ಗಮನಿಸಬೇಕು.

ಕಡಿತದ ಅಂಕಕ್ಕೆ ಹೆದರಿ ಅನೇಕ ಪ್ರಶ್ನೆಗಳನ್ನು ಖಾಲಿ ಬಿಡುವುದು ಸಾಮಾನ್ಯ. ಲೆಕ್ಕ ಹೀಗಿದೆ: ನಾಲ್ಕು ಆಯ್ಕೆಗಳಲ್ಲಿ ಏನೂ ತಿಳಿಯದೆ ಒಂದನ್ನು ಗುರುತಿಸಿದರೆ ನಾಲ್ಕರಲ್ಲಿ ಒಮ್ಮೆ 4 ಅಂಕ ದೊರೆತು ಮೂರು ಬಾರಿ ತಲಾ 1 ಅಂಕ ಕಡಿತವಾಗುತ್ತದೆ. ನಾಲ್ಕು ಪ್ರಶ್ನೆಗಳಿಗೆ ಸರಾಸರಿ 1 ಅಂಕ ಉಳಿಯುತ್ತದೆ. ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಬಲ್ಲವರಿಗೆ ಉಳಿತಾಯವು ಪ್ರತಿ ಪ್ರಶ್ನೆಗೆ ಸರಾಸರಿ ಒಂದೂವರೆ ಅಂಕ. ಅರೆತಿಳಿವಿನ ಪ್ರಶ್ನೆಗಳನ್ನು ಖಾಲಿ ಬಿಡುವುದು ನಷ್ಟದ ಬಾಬತ್ತೇ ಆಗಿದೆ.

ವಿದೇಶದಲ್ಲಿ ಎಂ.ಬಿ.ಬಿ.ಎಸ್. ತತ್ಸಮಾನ ಪದವಿ ಪಡೆದವರು ಬರೆಯುವ ಎಫ್.ಎಂ.ಜಿ.ಇ. ಪರೀಕ್ಷೆಯ ಸ್ವರೂಪ ಬೇರೆ. 300 ಪ್ರಶ್ನೆಗಳು, ತಲಾ 150ರ ಎರಡು ಭಾಗಗಳು, ಕಡಿತದ ಅಂಕವಿಲ್ಲ, ಉತ್ತೀರ್ಣತೆಗೆ 150 ಅಂಕ. ಈ ಪರೀಕ್ಷೆಯಲ್ಲಿ ಯಾರೊಂದಿಗೂ ಸ್ಪರ್ಧೆಯಿಲ್ಲ, ನಿಗದಿತ ಅಂಕ ತಲುಪಿದರೆ ಸಾಕು. ನೀಟ್-ಪಿಜಿಗಾಗಿ ರೂಪಿಸಿದ ದುಬಾರಿ ತರಬೇತಿಯನ್ನು ಇವರಿಗೂ ಮಾರಲಾಗುತ್ತಿದ್ದರೆ ಅದು ಅಗತ್ಯವೇ ಎಂದು ಯೋಚಿಸುವುದು ಒಳಿತು.

ಎಂ.ಬಿ.ಬಿ.ಎಸ್. ಅಂತಿಮ ವರ್ಷಕ್ಕೆ ಉದ್ದೇಶಿಸಲಾದ 'ನೆಕ್ಸ್ಟ್' ಪರೀಕ್ಷೆಯನ್ನು 2023ರ ಜುಲೈನಲ್ಲಿ ಮುಂದೂಡಲಾಯಿತು. ಆಯೋಗದ ಅಧಿಕೃತ ಅಧಿಸೂಚನೆಯನ್ನು ಸ್ವತಃ ನೋಡದೆ ಈ ಪರೀಕ್ಷೆಯ ಹೆಸರಿನ ತರಬೇತಿಗೆ ಹಣ ಪಾವತಿಸಬಾರದು. ನೀಟ್-ಪಿಜಿಯಲ್ಲಿ ಅರ್ಹತೆ ಪಡೆಯುವುದಕ್ಕೂ ಸೀಟು ದೊರೆಯುವುದಕ್ಕೂ ವ್ಯತ್ಯಾಸವಿರುವುದನ್ನು ಸಹ ಮರೆಯಬಾರದು. 2023ರ ಸೆಪ್ಟೆಂಬರ್‌ನಲ್ಲಿ ಖಾಲಿ ಸೀಟುಗಳ ಭರ್ತಿಗಾಗಿ ಅರ್ಹತಾ ಪರ್ಸೆಂಟೈಲ್ ಅನ್ನು ಸೊನ್ನೆಗೆ ಇಳಿಸಲಾಗಿತ್ತು. ಅಂಥ ವರ್ಷದಲ್ಲಿ 'ನಮ್ಮ ವಿದ್ಯಾರ್ಥಿಗಳೆಲ್ಲರೂ ಅರ್ಹರಾದರು' ಎಂಬ ಜಾಹೀರಾತಿಗೆ ಅರ್ಥವಿಲ್ಲ.

ಶುಲ್ಕ ಪಾವತಿಸುವ ಮುನ್ನ

ಖಾಸಗಿ ತರಬೇತಿ ಶುಲ್ಕದ ಮೇಲೆ ಶೇ. 18 ಸರಕು ಮತ್ತು ಸೇವಾ ತೆರಿಗೆ ಇದೆ. 60,000 ರೂಪಾಯಿ ಎಂದು ಹೇಳಿದ ಶುಲ್ಕವು ತೆರಿಗೆ ಸೇರಿ 70,800 ರೂಪಾಯಿ ಆಗುವುದರಿಂದ, ಹೇಳಿದ ಮೊತ್ತದಲ್ಲಿ ತೆರಿಗೆ ಸೇರಿದೆಯೇ ಎಂದು ಮೊದಲೇ ಕೇಳಬೇಕು. ತೆರಿಗೆ ಸಂಖ್ಯೆಯುಳ್ಳ ರಸೀದಿ ಪಡೆಯಬೇಕು. ಬಿಳಿ ಚೀಟಿಯ ಮೇಲೆ ಬರೆದುಕೊಟ್ಟ ಲೆಕ್ಕ ಮುಂದೆ ದೂರು ನೀಡುವಾಗ ಉಪಯೋಗಕ್ಕೆ ಬಾರದು.

ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಪೂರ್ಣ ಶುಲ್ಕ ಕಟ್ಟಿ ಮಧ್ಯದಲ್ಲಿ ಬಿಡುವ ವಿದ್ಯಾರ್ಥಿಗೆ ಉಳಿದ ಅವಧಿಗೆ ಅನುಗುಣವಾದ ಮೊತ್ತವನ್ನು 10 ದಿನಗಳೊಳಗೆ ಹಿಂದಿರುಗಿಸಬೇಕು. ಹನ್ನೆರಡು ತಿಂಗಳ ತರಬೇತಿಯನ್ನು ನಾಲ್ಕು ತಿಂಗಳಿಗೆ ಬಿಟ್ಟವರಿಗೆ 60,000 ರೂಪಾಯಿಯಲ್ಲಿ 40,000 ರೂಪಾಯಿ ಹಿಂದಿರುಗಬೇಕೆಂದು ಅರ್ಥ. ಇದು ರಾಜ್ಯಗಳಿಗೆ ನೀಡಿದ ಮಾರ್ಗಸೂಚಿಯೇ ಹೊರತು ಕಾಯ್ದೆಯಲ್ಲ. ಹಾಗಾಗಿ ಹಿಂಪಾವತಿಯ ಷರತ್ತನ್ನು ಪ್ರವೇಶ ಪತ್ರದಲ್ಲಿಯೇ ಬರೆಸಿಕೊಳ್ಳುವುದು ಸುರಕ್ಷಿತ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರ್ 13ರಂದು ತರಬೇತಿ ಕ್ಷೇತ್ರದ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿದೆ. ರ‍್ಯಾಂಕ್ ಪಡೆದವರ ಭಾವಚಿತ್ರವನ್ನು ಅವರ ಲಿಖಿತ ಒಪ್ಪಿಗೆಯಿಲ್ಲದೆ ಬಳಸುವಂತಿಲ್ಲ, ಆ ಒಪ್ಪಿಗೆಯನ್ನು ಆಯ್ಕೆಯಾದ ನಂತರವೇ ಪಡೆಯಬೇಕು, ಅವರು ಯಾವ ಕೋರ್ಸ್‌ಗೆ ಸೇರಿದ್ದರು ಎಂಬುದನ್ನೂ ತಿಳಿಸಬೇಕು. ಕೇವಲ ಅಣಕು ಪರೀಕ್ಷೆ ಬರೆದವರನ್ನು ಪೂರ್ಣಾವಧಿ ವಿದ್ಯಾರ್ಥಿಗಳೆಂಬಂತೆ ತೋರಿಸುವುದನ್ನು ತಡೆಯುವುದು ಇದರ ಉದ್ದೇಶ. ದೂರುಗಳನ್ನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ನೀಡಬಹುದು. ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗವನ್ನು ಸಂಪರ್ಕಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದಲ್ಲಿ ದೂರಿಗೆ ಶುಲ್ಕವಿಲ್ಲ.

ರೆಸಿಡೆಂಟ್ ವೈದ್ಯರು

ಸ್ನಾತಕೋತ್ತರ ವಿದ್ಯಾರ್ಥಿಗೆ ಬೇಕಾದ ನೆರವು ಪುಸ್ತಕದ ಪಾಠಕ್ಕಿಂತ ಹೆಚ್ಚಾಗಿ ಸಮಯದ್ದು. ವಾರ್ಡ್, ಹೊರರೋಗಿ ವಿಭಾಗ, ರಾತ್ರಿ ಪಾಳಿ, ಪ್ರಬಂಧದ ಕೆಲಸ ಇವುಗಳ ನಡುವೆ ಓದಿಗೆ ಬಿಡುವು ದೊರೆಯುತ್ತಿಲ್ಲ ಎಂಬ ದೂರು ಹೊಸದಲ್ಲ. ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ ಅನ್ವಯಿಸುವ ರೆಸಿಡೆನ್ಸಿ ಯೋಜನೆಯಡಿ 1992ರ ಜೂನ್ 5ರ ಪತ್ರದಲ್ಲಿಯೇ, ನಿರಂತರ ಕರ್ತವ್ಯವು ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮತ್ತು ವಾರಕ್ಕೆ 48 ಗಂಟೆ ಮೀರಬಾರದೆಂದು ಸೂಚಿಸಲಾಗಿತ್ತು. ಅದರ ಪಾಲನೆ ಹೇಗಿದೆ ಎಂಬುದು ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವರಿಗೆಲ್ಲ ತಿಳಿದ ವಿಷಯ.

2023ರ ಡಿಸೆಂಬರ್‌ನ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ನಿಯಮಾವಳಿಯು ಗಂಟೆಗಳ ಸಂಖ್ಯೆಯನ್ನು ನಿಗದಿಪಡಿಸಿಲ್ಲ. ಆದರೆ ಸಮಂಜಸವಾದ ಕೆಲಸದ ಅವಧಿ ಮತ್ತು ವಿಶ್ರಾಂತಿ ನೀಡಬೇಕೆಂದು ಹೇಳುತ್ತದೆ. ವರ್ಷಕ್ಕೆ ಕನಿಷ್ಠ 20 ದಿನಗಳ ವೇತನಸಹಿತ ರಜೆ, 5 ದಿನಗಳ ಶೈಕ್ಷಣಿಕ ರಜೆ, ಹಾಗೂ ಕೆಲಸದ ತುರ್ತಿಗೆ ಒಳಪಟ್ಟು ವಾರಕ್ಕೊಂದು ರಜೆ ಅದರಲ್ಲಿದೆ. ಕಾಲೇಜು ವಸತಿ ಒದಗಿಸಬೇಕು, ಆದರೆ ಹಾಸ್ಟೆಲ್‌ನಲ್ಲಿಯೇ ಇರಬೇಕೆಂಬ ಕಡ್ಡಾಯವಿಲ್ಲ. ಹಾಜರಾತಿ ಕನಿಷ್ಠ ಶೇ. 80. ಅನುಮತಿಸಿದ ರಜೆಗಿಂತ ಹೆಚ್ಚು ಪಡೆದರೆ ಅಷ್ಟು ದಿನ ಅವಧಿ ವಿಸ್ತರಣೆಯಾಗುತ್ತದೆ. ಐದು ದಿನಗಳ ಶೈಕ್ಷಣಿಕ ರಜೆಯು ಪರೀಕ್ಷಾ ಸಿದ್ಧತೆ, ಕಾರ್ಯಾಗಾರ ಮುಂತಾದವುಗಳಿಗೆ ನೆರವಾಗುವಂಥದ್ದಾದರೂ ಕೇಳುವವರೇ ವಿರಳ. ಕೋರಿಕೆಯನ್ನು ಪಾಳಿ ಪಟ್ಟಿ ಸಿದ್ಧವಾಗುವ ಮೊದಲೇ ಸಲ್ಲಿಸಬೇಕು. ಪಟ್ಟಿ ಅಂಟಿಸಿದ ನಂತರ ಕೋರಿದರೆ ಸಹೋದ್ಯೋಗಿಯೊಬ್ಬರ ರಜೆ ಕಳೆಯಬೇಕಾಗುತ್ತದೆ.

ಪಾಳಿ ಪಟ್ಟಿಯ ಪ್ರತಿಯನ್ನು ತಿಂಗಳಿಗೊಮ್ಮೆ ಇರಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ. ದೂರು ನೀಡಬೇಕಾಗಿ ಬಂದಾಗ 'ಬಹಳ ಕೆಲಸ' ಎಂಬ ಮಾತಿಗಿಂತ ನಾಲ್ಕು ವಾರಗಳ ಪಟ್ಟಿಗೆ ಹೆಚ್ಚು ತೂಕವಿರುತ್ತದೆ. ಲಾಗ್ ಪುಸ್ತಕವನ್ನು ಮಾರ್ಗದರ್ಶಕರಿಂದ ಕಾಲಕಾಲಕ್ಕೆ ಸಹಿ ಮಾಡಿಸುವುದನ್ನು ಪರೀಕ್ಷೆಯ ತಿಂಗಳಿಗೆ ಮುಂದೂಡಬಾರದು. ಕಲಿಸದೇ ಇರುವ ಶಸ್ತ್ರಕ್ರಿಯೆ ಅಥವಾ ವಿಧಾನ ಯಾವುದು ಎಂಬುದು ಆ ಪುಸ್ತಕದ ಖಾಲಿ ಪುಟಗಳಿಂದಲೇ ತಿಳಿಯುತ್ತದೆ, ಮತ್ತು ತರಬೇತಿ ಕೋರಲು ಅದೇ ಆಧಾರ.

ಆಪ್ತಸಮಾಲೋಚನೆ

ರಾಷ್ಟ್ರೀಯ ವೈದ್ಯಕೀಯ ಆಯೋಗವು ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ರಚಿಸಿದ ರಾಷ್ಟ್ರೀಯ ಕಾರ್ಯಪಡೆಯು 2024ರಲ್ಲಿ ವರದಿ ಸಲ್ಲಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನ ಪ್ರಾಧ್ಯಾಪಕ ಡಾ. ಸುರೇಶ್ ಬಡಾ ಮಠ್ ಅದರ ಅಧ್ಯಕ್ಷರಾಗಿದ್ದರು. ಆನ್‌ಲೈನ್ ಸಮೀಕ್ಷೆಯಲ್ಲಿ 25,590 ಪದವಿ ವಿದ್ಯಾರ್ಥಿಗಳು ಮತ್ತು 5,337 ಸ್ನಾತಕೋತ್ತರ ವಿದ್ಯಾರ್ಥಿಗಳು ಉತ್ತರಿಸಿದ್ದರು. ಮಾನಸಿಕ ಆರೋಗ್ಯದ ತೊಂದರೆಯಿದೆ ಎಂದು ಹೇಳಿದವರು ಪದವಿ ವಿದ್ಯಾರ್ಥಿಗಳಲ್ಲಿ ಶೇ. 27.8, ಸ್ನಾತಕೋತ್ತರರಲ್ಲಿ ಶೇ. 15.3. ಇದು ಸ್ವಇಚ್ಛೆಯಿಂದ ಉತ್ತರಿಸಿದವರ ಲೆಕ್ಕ, ದೇಶದ ಎಲ್ಲ ವಿದ್ಯಾರ್ಥಿಗಳದ್ದಲ್ಲ. ಆದರೂ ನೂರು ಮಂದಿಯ ತರಗತಿಯಲ್ಲಿ ತಾನೊಬ್ಬನೇ ಹೀಗೆ ಎಂದು ಭಾವಿಸುವ ವಿದ್ಯಾರ್ಥಿಯು ಈ ಅಂಕಿಗಳನ್ನು ತಿಳಿದಿರಬೇಕು. ರೆಸಿಡೆಂಟರ ಕೆಲಸ ವಾರಕ್ಕೆ 74 ಗಂಟೆ ಮೀರದಿರಲಿ, ವಾರಕ್ಕೊಂದು ರಜೆ ಇರಲಿ, ದಿನಕ್ಕೆ 7ರಿಂದ 8 ಗಂಟೆ ನಿದ್ರೆ ದೊರೆಯಲಿ ಎಂದು ಕಾರ್ಯಪಡೆ ಶಿಫಾರಸು ಮಾಡಿದೆ. ಶಿಫಾರಸಿಗೆ ನಿಯಮದ ಬಲವಿಲ್ಲ. ಕಾಲೇಜಿನೊಂದಿಗೆ ಪತ್ರವ್ಯವಹಾರ ನಡೆಸುವಾಗ ಎರಡನ್ನೂ ಬೆರೆಸದೆ, ನಿಯಮಾವಳಿಯನ್ನು ನಿಯಮಾವಳಿಯೆಂದೂ ಶಿಫಾರಸನ್ನು ಶಿಫಾರಸೆಂದೂ ಉಲ್ಲೇಖಿಸುವುದು ಸೂಕ್ತ.

ಆಪ್ತಸಮಾಲೋಚಕರ ಬಳಿ ಹೋದರೆ ವಿಷಯ ವಿಭಾಗದ ಮುಖ್ಯಸ್ಥರಿಗೆ ತಲುಪುತ್ತದೆ, ಮುಂದೆ ವೃತ್ತಿಗೆ ತೊಡಕಾಗುತ್ತದೆ ಎಂಬ ಭಯದಿಂದ ಅನೇಕರು ಹಿಂಜರಿಯುತ್ತಾರೆ. ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2017ರ 23ನೆಯ ಪ್ರಕರಣವು ಚಿಕಿತ್ಸೆಯ ವಿವರಗಳನ್ನು ಗೌಪ್ಯವಾಗಿರಿಸುವ ಹಕ್ಕನ್ನು ನೀಡುತ್ತದೆ. ಜೀವಕ್ಕೆ ಅಪಾಯವಿರುವಂತಹ ಕೆಲವೇ ಸಂದರ್ಭಗಳು ಇದಕ್ಕೆ ಹೊರತು. ತಮ್ಮದೇ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ತೋರಿಸಿಕೊಳ್ಳಲು ಮುಜುಗರವಾದಲ್ಲಿ ಬೆಂಗಳೂರಿನ ಬಿ.ಟಿ.ಎಂ. ಬಡಾವಣೆಯಲ್ಲಿರುವ ನಿಮ್ಹಾನ್ಸ್ ಸೌಖ್ಯ ಕೇಂದ್ರ, ಧಾರವಾಡದ ಡಿಮ್ಹಾನ್ಸ್, ಅಥವಾ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನು ಕಾಣಬಹುದು.

ದೂರವಾಣಿಯ ಮೂಲಕ ಮಾತನಾಡಬಯಸುವವರಿಗೆ 'ಟೆಲಿ-ಮಾನಸ್' ಸಹಾಯವಾಣಿ 14416 ಅಥವಾ 1800-891-4416 ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯಲ್ಲಿ ಕನ್ನಡದಲ್ಲಿ ಮಾತನಾಡಬಹುದು. ರಾತ್ರಿ ಪಾಳಿಯಲ್ಲಿರುವ ರೆಸಿಡೆಂಟರು, ಹಾಸ್ಟೆಲ್‌ನಲ್ಲಿರುವ ವಿದ್ಯಾರ್ಥಿಗಳು, ಮಗನ ಅಥವಾ ಮಗಳ ಮಾತಿನ ಧಾಟಿ ಬದಲಾಗಿರುವುದನ್ನು ಗಮನಿಸಿದ ಪೋಷಕರು ಎಲ್ಲರೂ ಕರೆ ಮಾಡಬಹುದು. ಬದುಕು ಬೇಡವೆನಿಸುವ ಯೋಚನೆ ಬಂದಲ್ಲಿ ಅರ್ಜಿ, ಅನುಮತಿ ಯಾವುದಕ್ಕೂ ಕಾಯದೆ ಆ ಕ್ಷಣವೇ ಕರೆ ಮಾಡುವುದು, ಇಲ್ಲವೇ ಸಮೀಪದ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗುವುದು.

ಒತ್ತಡಕ್ಕೆ ಕಾರಣ ರ‍್ಯಾಗಿಂಗ್ ಆಗಿದ್ದಲ್ಲಿ 1800-180-5522 ಸಂಖ್ಯೆಗೆ ದೂರು ನೀಡಬಹುದು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ರ‍್ಯಾಗಿಂಗ್ ತಡೆ ನಿಯಮಾವಳಿಯು ಸ್ನಾತಕೋತ್ತರ ವಿಭಾಗಗಳಿಗೂ ಅನ್ವಯಿಸುತ್ತದೆ. ಹಿರಿಯ ರೆಸಿಡೆಂಟರು ಕಿರಿಯರಿಗೆ ಶಿಕ್ಷೆಯಾಗಿ ಹೆಚ್ಚುವರಿ ಪಾಳಿ ಹಾಕುವುದನ್ನು 'ತರಬೇತಿಯ ಭಾಗ' ಎಂದು ಸಹಿಸಿಕೊಳ್ಳಬೇಕಾಗಿಲ್ಲ. ದೂರಿನೊಂದಿಗೆ ಮೇಲೆ ತಿಳಿಸಿದ ಪಾಳಿ ಪಟ್ಟಿಯ ಪ್ರತಿಗಳನ್ನು ಲಗತ್ತಿಸುವುದು.